ಜಾಹೀರಾತಿನ ಪಾಠ: ಅಂಕಕ್ಕೋ, ಅರಿವಿಗೋ?

ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ವಿಭಾಗವಿದೆ. ಶಿವಮೊಗ್ಗ, ಭದ್ರಾವತಿಯ ನಮ್ಮ ಧರ್ಮಕೇಂದ್ರಗಳ ಮಕ್ಕಳೂ ಈ ವಿಷಯವನ್ನು ಓದುತ್ತಾರೆ. ಪರೀಕ್ಷೆ ಸಮೀಪಿಸಿದಾಗ ಅವರು ಮಾಡುವುದೇನು? "ಗಮನ, ಆಸಕ್ತಿ, ಬಯಕೆ, ಕ್ರಿಯೆ" ಎಂಬ ಸೂತ್ರವನ್ನು ಉರುಹೊಡೆದು, ಯಾವ ಜಾಹೀರಾತು ಸಿಕ್ಕರೂ ಅದನ್ನು ಈ ನಾಲ್ಕು ಖಾನೆಗಳಲ್ಲಿ ತುಂಬುವುದು. ಅಂಕ ಬರುತ್ತದೆ, ನಿಜ. ಆದರೆ ಇಷ್ಟನ್ನೇ ವಿಶ್ಲೇಷಣೆಯೆಂದು ಕರೆದರೆ ಮಾರುವವನ ಜಾಣ್ಮೆಗೆ ಚಪ್ಪಾಳೆ ಹೊಡೆದಂತಾಯಿತು.

1997ರಲ್ಲಿ ವ್ಯಾಟಿಕನ್ನಿನ ಸಮಾಜ ಸಂಪರ್ಕ ಪರಿಷತ್ತು ಜಾಹೀರಾತಿನ ನೀತಿಯನ್ನು ಕುರಿತು ಪ್ರಕಟಿಸಿದ ದಾಖಲೆಯು ಜಾಹೀರಾತನ್ನೇ ಪಾಪವೆನ್ನಲಿಲ್ಲ. ಅದು ಸತ್ಯವನ್ನು ಹೇಳಬೇಕು, ಮನುಷ್ಯನ ಘನತೆಯನ್ನು ಕಾಯಬೇಕು, ಸಮಾಜದ ಹೊಣೆಯನ್ನು ಹೊರಬೇಕು ಎಂದಿತು. ಈ ಮೂರು ಅಳತೆಗಳನ್ನು ಹಿಡಿದು ಒಂದು ಮುಖಲೇಪನದ ಜಾಹೀರಾತನ್ನು ನೋಡಿರಿ. 1975ರಲ್ಲಿ ಮಾರುಕಟ್ಟೆಗೆ ಬಂದ 'ಫೇರ್ ಅಂಡ್ ಲವ್ಲಿ' 2020ರಲ್ಲಿ 'ಗ್ಲೋ ಅಂಡ್ ಲವ್ಲಿ' ಆಯಿತು. ಅದಕ್ಕೂ ಮೊದಲೇ, 2014ರಲ್ಲಿ, ಕಪ್ಪು ಮೈಬಣ್ಣದವರನ್ನು ಅನಾಕರ್ಷಕರೆಂದೋ ದುಃಖಿಗಳೆಂದೋ ತೋರಿಸಬಾರದೆಂದು ಭಾರತದ ಜಾಹೀರಾತು ಗುಣಮಟ್ಟ ಮಂಡಳಿಯು ನಿಯಮ ಮಾಡಿತ್ತು. ಹೆಸರು ಬದಲಾದಾಗ ಬಯಕೆಯೂ ಬದಲಾಯಿತೇ? ವಿದ್ಯಾರ್ಥಿ ತಲೆಕೆಡಿಸಿಕೊಳ್ಳಬೇಕಾದದ್ದು ಇಲ್ಲಿ.

"ಪರೀಕ್ಷೆಯಲ್ಲಿ ಕೇಳದ್ದನ್ನು ಓದಿ ಏನು ಪ್ರಯೋಜನ?" ಎಂದು ತಂದೆತಾಯಂದಿರು ಕೇಳಬಹುದು. ಅವರಿಗೆ ನನ್ನದೊಂದು ಮರುಪ್ರಶ್ನೆ: ಮಗನಿಗೆ ಹೆಣ್ಣು ಹುಡುಕುವಾಗ "ಬೆಳ್ಳಗಿರುವ ಕ್ರೈಸ್ತ ಕನ್ಯೆ ಬೇಕಾಗಿದೆ" ಎಂದು ಪತ್ರಿಕೆಗೆ ಬರೆದುಕೊಡುವವರು ಯಾರು? ಆ ಒಂದು ಸಾಲಿಗೆ ಕಂಪನಿಯ ಹಣವಿಲ್ಲ, ಚಿತ್ರತಾರೆಯಿಲ್ಲ. ನಮ್ಮ ಮನೆಯ ಮೇಜಿನ ಮೇಲೆಯೇ ಬರೆದದ್ದು. ಪರೀಕ್ಷೆಗೆ ಓದಲು ಕುಳಿತ ಮಗಳ ಮುಂದೆ ಮೊದಲು ಅದನ್ನೇ ಇಡೋಣ. ಅವಳು ಬರೆಯುವ ಉತ್ತರವನ್ನು ನಾವೂ ಓದೋಣ.