ಸ್ಪೀಕರ್ ಆಫ್ ಮಾಡ್ರಪ್ಪ, ಮಡಿವಾಳ ಹಾಡ್ತಿದೆ

(1/4)
ರೀಲ್‌ಗೋಸ್ಕರ ಸ್ಪೀಕರಲ್ಲಿ ಹಕ್ಕಿ ಹಾಡು ಹಾಕಿ ಹಕ್ಕಿ ಕರೆಸೋದನ್ನ ನಿಲ್ಲಿಸಿ. ನಾನು ಹೇಳೋಕೆ ಬಂದಿದ್ದು ಇಷ್ಟೇ, ಉಳಿದಿದ್ದೆಲ್ಲ ಯಾಕೆ ಅಂತ. ಅಷ್ಟು ಓದೋಕೆ ಟೈಮ್ ಇಲ್ಲ ಅನ್ನೋರು ಇಲ್ಲಿಂದಲೇ ಸ್ಕ್ರೋಲ್ ಮಾಡ್ಕೊಂಡು ಹೋಗಿ, ಆದ್ರೆ ಸ್ಪೀಕರ್ ಬ್ಯಾಗಲ್ಲೇ ಇರ್ಲಿ.

ಈ ಏಪ್ರಿಲ್‌ನಲ್ಲಿ ನನ್ನ ಫೀಡಿಗೆ ಇಂಥ ನಾಲ್ಕು ರೀಲ್ ಬಂದಿವೆ. ಅದ್ರಲ್ಲಿ ಎರಡು ನಮ್ಮ ಕ್ಯಾಂಪಸ್‌ದೇ. ಮರದ ಕೆಳಗೆ ಫೋನ್ ಇಟ್ಟು ರೆಕಾರ್ಡಿಂಗ್ ಹಾಕೋದು, ಕಪ್ಪು ಬಿಳುಪಿನ ಹಕ್ಕಿ ಒಂದು ಹಾರಿ ಬಂದು ಕೊಂಬೆಯಿಂದ ಕೊಂಬೆಗೆ ನೆಗೆದಾಡೋದು, ಮೇಲೆ 'ಮಾರ್ನಿಂಗ್ ವೈಬ್ಸ್'. ಕೆಳಗೆ 'ಬ್ರೋ, ಹಕ್ಕಿ ನಿನ್ನ ಫ್ಯಾನ್' ಅಂತ ಕಾಮೆಂಟು. ಫ್ಯಾನ್ ಅಲ್ಲ ಗುರು, ಅದು ಜಗಳಕ್ಕೆ ಬಂದಿದೆ.

(2/4)
ಮೊದಲು ಅದು ಯಾರು ಅಂತ ತಿಳ್ಕೊಳ್ಳಿ. ನಾಲ್ಕು ರೀಲಲ್ಲಿ ಒಂದರಲ್ಲೂ ಹೆಸರಿಲ್ಲ. ಅದು ಮಡಿವಾಳ ಹಕ್ಕಿ. ಬಾಂಗ್ಲಾದೇಶದ ರಾಷ್ಟ್ರಪಕ್ಷಿ. ನಮ್ಮ ಶಿವಮೊಗ್ಗದಲ್ಲಿ ಮನೆ ಹಿತ್ತಲು, ಹಾಸ್ಟೆಲ್ ಕಾಂಪೌಂಡು, ಬಸ್‌ಸ್ಟಾಪ್ ಹಿಂದಿನ ಮರ, ಎಲ್ಲ ಕಡೆ ಇರೋ ಹಕ್ಕಿ. ಬೈಕ್‌ಗೆ ಪೆಟ್ರೋಲ್ ಹಾಕಿಸ್ಕೊಂಡು ಮಂಡಗದ್ದೆಗೆ ಬೆಳ್ಳಕ್ಕಿ ನೋಡೋಕೆ ಹೋಗ್ತೀರಲ್ಲ, ಹೋಗಿ, ತಪ್ಪೇನಿಲ್ಲ. ಆದ್ರೆ ದಿನಾ ಬೆಳಗ್ಗೆ ನಿಮ್ಮ ಅಲಾರಂಗಿಂತ ಮುಂಚೆ ಎದ್ದು ಹಾಡೋನ ಹೆಸರು ಗೊತ್ತಿಲ್ಲ ಅಂದ್ರೆ ಹೇಗೆ?

ಗುರುತು ಹಿಡಿಯೋದು ಕಾಸ್ಟ್ ಅಕೌಂಟಿಂಗ್‌ಗಿಂತ ಸಾವಿರ ಪಾಲು ಸುಲಭ. ಗಾತ್ರ ಸುಮಾರು 20 ಸೆಂ.ಮೀ., ಅಂದ್ರೆ ಹೆಚ್ಚುಕಡಿಮೆ ಪಿಕಳಾರದಷ್ಟು. ಗೊರವಂಕಕ್ಕಿಂತ ಚಿಕ್ಕದು. ಗಂಡಿನ ತಲೆ, ಬೆನ್ನು, ಎದೆ ಎಲ್ಲ ಹೊಳೆಯೋ ಕಪ್ಪು, ಬಿಸಿಲಲ್ಲಿ ನೋಡಿದ್ರೆ ನೀಲಿ ಮಿಂಚುತ್ತೆ. ಎದೆ ಕೆಳಗಿಂದ ಪೂರ್ತಿ ಬಿಳಿ. ರೆಕ್ಕೆ ಮೇಲೆ ಉದ್ದಕ್ಕೆ ಒಂದು ಬಿಳಿ ಪಟ್ಟಿ. ಉದ್ದ ಬಾಲ, ಮಧ್ಯ ಕಪ್ಪು, ಅಂಚು ಬಿಳಿ. ಆ ಬಾಲವನ್ನ ಆಗಾಗ ನೆಟ್ಟಗೆ ಮೇಲಕ್ಕೆತ್ತುತ್ತೆ, ಅದೇ ಅದರ ಸಿಗ್ನೇಚರ್. ಗಂಡಿಗೆ ಎಲ್ಲೆಲ್ಲಿ ಕಪ್ಪೋ ಹೆಣ್ಣಿಗೆ ಅಲ್ಲೆಲ್ಲ ಬೂದು. ಆ ಬೂದು ಹಕ್ಕಿ 'ಬೇರೆ ಯಾವುದೋ' ಅಲ್ಲ, ಇದರ ಜೋಡಿ.

ಕಪ್ಪು ಬಿಳಿ ಅಂದ ತಕ್ಷಣ ಎಲ್ಲ ಮಡಿವಾಳ ಆಗಲ್ಲ. ನೀರಿನ ಹತ್ರ, ಟೆರೇಸ್ ಮೇಲೆ, ಬಾಲ ಮೇಲೆ ಕೆಳಗೆ ಕುಣಿಸ್ತಾ ಓಡಾಡೋದು ಸಿಪಿಲೆ. ಕಣ್ಣಿನ ಮೇಲೆ ಬಿಳಿ ಹುಬ್ಬು ಇರುತ್ತೆ ನೋಡಿ. (ಕುಂಡೆಕುಸ್ಕ ಅಂತಾನೂ ಕರೀತಾರೆ. ನಗಬೇಡಿ, ಇಷ್ಟು ಕರೆಕ್ಟಾದ ಹೆಸರು ಇನ್ನೊಂದಿಲ್ಲ.) ಊರಾಚೆ ಕಲ್ಲು ಬಯಲಲ್ಲಿ ಮೈಯೆಲ್ಲ ಕಪ್ಪು, ಭುಜದಲ್ಲಿ ಮಾತ್ರ ಬಿಳಿ, ಬಾಲದ ಬುಡ ಇಟ್ಟಿಗೆ ಕೆಂಪು ಇದ್ರೆ ಅದೂ ಬೇರೆ ಹಕ್ಕಿ. ಹೊಟ್ಟೆ ಬಿಳಿ ಇದೆಯಾ, ರೆಕ್ಕೆಯಲ್ಲಿ ಪಟ್ಟಿ ಇದೆಯಾ, ಬಾಲ ಎತ್ತುತ್ತಾ, ಈ ಮೂರು ನೋಡಿದ್ರೆ ಸಾಕು.

ಕಿವಿಗೆ? ಬೆಳಕು ಹರಿಯೋ ಮುಂಚೆ ಶುರು. ಆಂಟೆನಾ, ವಿದ್ಯುತ್ ಕಂಬ, ಮರದ ತುದಿ, ಹೀಗೆ ಎತ್ತರದ ಜಾಗದಲ್ಲೇ ಕೂರುತ್ತೆ. ಸಿಳ್ಳೆ ಥರದ ಹಾಡು, ಏರಿಳಿತ ಇರುತ್ತೆ, ಒಂದು ಸಾಲು ಹಾಡಿ ನಿಲ್ಲಿಸಿ ಇನ್ನೊಂದು ಸಾಲು. ಕೋಗಿಲೆ ಥರ ಒಂದೇ 'ಕುಹೂ' ಹಿಡ್ಕೊಂಡು ಕೂರಲ್ಲ. ಸಿಟ್ಟು ಬಂದ್ರೆ ಮಾತ್ರ ಹಾಡು ಬಿಟ್ಟು ಕರ್‌ರ್‌ರ್ ಅಂತ ಒರಟಾಗಿ ಬಯ್ಯುತ್ತೆ. ನಿಮ್ಮ ರೀಲಲ್ಲಿ ಕೇಳಿಸ್ತಿರೋದು ಅದೇ, ವಾಲ್ಯೂಮ್ ಜಾಸ್ತಿ ಮಾಡಿ ಕೇಳಿ.

(3/4)
ಈಗ ಜಗಳದ ವಿಷಯ. ಮಾರ್ಚ್‌ನಿಂದ ಜುಲೈವರೆಗೆ ಇದರ ಗೂಡಿನ ಕಾಲ. ಗಂಡು ಹಾಡೋದೇ 'ಇದು ನನ್ನ ಏರಿಯಾ, ಇಲ್ಲಿ ಇನ್ನೊಬ್ಬ ಬರಬೇಡ' ಅಂತ ಹೇಳೋಕೆ, ಜೊತೆಗೆ ಹೆಣ್ಣಿಗೆ ಕೇಳಿಸೋಕೆ. ನೀವು ಮರದ ಬುಡದಲ್ಲಿ ಅದೇ ಹಾಡು ಹಾಕಿದ್ರೆ ಅದರ ಲೆಕ್ಕದಲ್ಲಿ ಮನೆ ಅಂಗಳಕ್ಕೇ ಇನ್ನೊಂದು ಗಂಡು ನುಗ್ಗಿದೆ. ಹುಳ ಹಿಡಿಯೋದು, ಗೂಡು ಕಾಯೋದು ಎಲ್ಲ ಬಿಟ್ಟು ಓಡಿ ಬರುತ್ತೆ. ಎದುರಾಳಿ ಕಾಣಿಸಲ್ಲ. ಓಡಿಸೋಣ ಅಂದ್ರೆ ಓಡಲ್ಲ, ಯಾಕಂದ್ರೆ ಅದು ಫೋನು. ನೀವು ಮೂರು ಟೇಕ್ ತಗೊಂಡು ಕ್ಯಾಂಟೀನ್‌ಗೆ ಹೋಗ್ತೀರ, ನಾಳೆ ಇನ್ನೊಬ್ಬ ಬರ್ತಾನೆ ಅದೇ ಮರಕ್ಕೆ. ನಿಮ್ಮ ಮನೆ ಬಾಗಿಲಿಗೆ ದಿನಾ ಯಾರೋ ಒದ್ದು ಓಡಿ ಹೋದ್ರೆ ಅದಕ್ಕೂ 'ವೈಬ್ಸ್' ಅಂತೀರಾ?

'ಐಡಿ ಮಾಡೋಕೆ ಪ್ಲೇ ಮಾಡಿದ್ದು' ಅಂತ ಒಬ್ಬರು ವಾದಿಸಿದ್ರು. ಐಡಿಗೆ ಪ್ಲೇ ಮಾಡೋ ಅಗತ್ಯವೇ ಇಲ್ಲ. ಮರ್ಲಿನ್ ಆಪ್ ಸುಮ್ನೆ ಕೇಳಿಸ್ಕೊಂಡೇ ಹೆಸರು ಸೂಚಿಸುತ್ತೆ. ಆದ್ರೆ ಅದು ಬರೀ ಸೂಚನೆ. ನಾವು ಬಿಕಾಂನವರು, ವೋಚರ್ ಇಲ್ಲದೆ ಎಂಟ್ರಿ ಹಾಕಿದ್ರೆ ಮೇಡಂ ಏನಂತಾರೆ ಅಂತ ಗೊತ್ತಲ್ಲ? ಆಪ್ ಕೊಟ್ಟ ಹೆಸರು ಎಂಟ್ರಿ, ಕಣ್ಣಲ್ಲಿ ನೋಡಿದ್ದು ವೋಚರ್. ಅದೂ ಈ ಮಡಿವಾಳ ಬೇರೆ ಹಕ್ಕಿಗಳ ಕೂಗನ್ನೂ ತನ್ನ ಹಾಡಲ್ಲಿ ಸೇರಿಸ್ಕೊಳ್ಳೋ ಆಸಾಮಿ, ಮಿಮಿಕ್ರಿ ಕಲಾವಿದ. ಫೆಬ್ರವರಿಯ ಕ್ಯಾಂಪಸ್ ಬರ್ಡ್ ಕೌಂಟ್‌ನಲ್ಲಿ ನಮ್ಮ ಕಾಲೇಜಿನ ಹೆಸರಲ್ಲಿ ಲಿಸ್ಟ್ ಹಾಕಬೇಕಾದ್ರೆ ಕಣ್ಣಿನ ವೋಚರ್ ಬೇಕೇ ಬೇಕು.

(4/4)
'ಅಷ್ಟೊಂದಿವೆ ಬಿಡು, ಏನಾಗುತ್ತೆ' ಅನ್ನೋರಿಗೆ: ಸಿಂಗಪುರದಲ್ಲೂ ಇದೇ ಹಕ್ಕಿ ಒಂದು ಕಾಲಕ್ಕೆ ಬೇಕಾದಷ್ಟಿತ್ತು. 1970ರ ದಶಕದ ಹೊತ್ತಿಗೆ ಹೆಚ್ಚುಕಡಿಮೆ ಇಲ್ಲವೇ ಇಲ್ಲ ಅನ್ನೋ ಹಾಗಾಯ್ತು. ಚೆನ್ನಾಗಿ ಹಾಡುತ್ತೆ ಅಂತ ಹಿಡಿದು ಪಂಜರಕ್ಕೆ ಹಾಕಿದ್ದು ಅದಕ್ಕೆ ಒಂದು ದೊಡ್ಡ ಕಾರಣ. ಹಾಡೋ ಹಕ್ಕಿ ಹಿಡಿಯೋರು ಬಳಸೋ ಉಪಾಯಗಳಲ್ಲಿ ರೆಕಾರ್ಡಿಂಗ್ ಹಾಕಿ ಹತ್ರ ಕರೆಸೋದೂ ಒಂದು. ನೀವು ಹಿಡಿಯಲ್ಲ, ಗೊತ್ತು. ಆದ್ರೆ ಟ್ರಿಕ್ಕು ಅದೇ ತಾನೇ?

'ದೊಡ್ಡ ದೊಡ್ಡ ಲೆನ್ಸ್ ಇರೋ ಅಂಕಲ್‌ಗಳೂ ಮಾಡ್ತಾರೆ' ಅಂತ ಇನ್ನೊಂದು ವಾದ. ಮಾಡ್ತಾರೆ, ಒಪ್ತೀನಿ. ಅವರಿಗೂ ಇದೇ ಮಾತು. ಲೆನ್ಸ್ ರೇಟ್ ಜಾಸ್ತಿ ಅಂತ ಡಿಸ್ಕೌಂಟ್ ಇಲ್ಲ.

ವಿಡಿಯೋ ಬೇಕಾ? ಬೆಳಗ್ಗೆ 5:45ಕ್ಕೆ ಹಾಸ್ಟೆಲ್ ಟೆರೇಸ್ ಹತ್ತಿ, ಬರಿಗೈಲಿ 15 ನಿಮಿಷ ಸುಮ್ನೆ ಕೂತ್ಕೊಳ್ಳಿ. ಅದು ಹಾಡೋ ಕಂಬ ದಿನಾ ಹೆಚ್ಚುಕಡಿಮೆ ಅದೇ ಆಗಿರುತ್ತೆ. ಎರಡು ದಿನ ನೋಡಿದ್ರೆ ಮೂರನೇ ದಿನ ನೀವೇ ಮೊದಲು ಹೋಗಿ ಆ ಕಂಬದ ಕಡೆ ಕ್ಯಾಮೆರಾ ಹಿಡ್ಕೊಂಡು ಕಾಯಬಹುದು. ಪೂರ್ತಿ ಹಾಡು ಸಿಗುತ್ತೆ, ಬೈಗುಳ ಅಲ್ಲ.

ಇನ್ನೊಂದು. ಮರದ ಪೊಟರೆ, ಗೋಡೆ ತೂತು ಸಿಕ್ಕಿದ್ರೆ ಇದು ಗೂಡು ಕಟ್ಟುತ್ತೆ. ನಮ್ಮ ಕ್ಯಾಂಪಸ್‌ನಲ್ಲಿ ಈಗ ಒಂದು ಗೂಡಿದೆ. ಎಲ್ಲಿ ಅಂತ ಡಿಎಂ ಮಾಡಬೇಡಿ, ಹೇಳಲ್ಲ.

#ಮಡಿವಾಳಹಕ್ಕಿ #ಸ್ಪೀಕರ್‌ಆಫ್ #ನಮ್ಮಶಿವಮೊಗ್ಗ