ಕೂಪನ್ ಕತ್ತರಿಸಿದರೆ ಕೋವಿ!

ಪುಸ್ತಕದಂಗಡಿಯವರು ಪಂಚಾಂಗ ಕಳಿಸುವಷ್ಟು ಸಲೀಸಾಗಿ ಅಮೆರಿಕಾದಲ್ಲಿ ಕೋವಿಗಳು ಅಂಚೆಯಲ್ಲಿ ಓಡಾಡಿದ ಕಾಲವೊಂದಿತ್ತು. 1963ರ ಮಾರ್ಚ್‌ನಲ್ಲಿ ಒಬ್ಬ ಮನುಷ್ಯ ಕೋವಿಪ್ರಿಯರ ಮಾಸಪತ್ರಿಕೆಯೊಂದರಿಂದ ಜಾಹೀರಾತಿನ ಕೂಪನ್ ಕತ್ತರಿಸಿ, 21 ಡಾಲರ್ 45 ಸೆಂಟಿನ ಮನಿಯಾರ್ಡರಿನೊಡನೆ ಶಿಕಾಗೋದ ಅಂಗಡಿಗೆ ಕಳಿಸಿದ. ಕೊಟ್ಟ ಹೆಸರು ಸುಳ್ಳು. ವಿಳಾಸ, ಡಲ್ಲಾಸಿನ ಅಂಚೆಪೆಟ್ಟಿಗೆಯ ಒಂದು ನಂಬರು. ದುರ್ಬೀನು ಜೋಡಿಸಿದ ಇಟಲಿ ಸೈನ್ಯದ ಹಳೆಯ ರೈಫಲ್ ಹೊರಟೇಬಿಟ್ಟಿತು. ನವೆಂಬರ್ 22ರಂದು ಅಧ್ಯಕ್ಷ ಕೆನೆಡಿಯನ್ನು ಕೊಂದದ್ದು ಅದೇ ರೈಫಲ್ ಎಂದು ವಾರನ್ ಆಯೋಗ 1964ರಲ್ಲಿ ತೀರ್ಮಾನಿಸಿತು.

ಅದೇ ಓಸ್ವಾಲ್ಡ್ ಒಂದು ರಿವಾಲ್ವರನ್ನೂ ತರಿಸಿಕೊಂಡಿದ್ದ. ಅದು ಅಂಚೆಯಲ್ಲಿ ಬರಲಿಲ್ಲ. ಏಕೆ? ಖಾಸಗಿ ಜನ ಅಂಚೆಯಲ್ಲಿ ಕೈಕೋವಿ ಕಳಿಸಬಾರದೆಂದು 1927ರಲ್ಲೇ ಕಾನೂನಾಗಿತ್ತು. ಆದರೆ ಆ ಕಾನೂನು ಕಟ್ಟಿಹಾಕಿದ್ದು ಸರ್ಕಾರದ ಅಂಚೆಯವನ ಚೀಲವನ್ನು. ಖಾಸಗಿ ಸಾಗಣೆ ಕಂಪನಿಯ ಗಾಡಿಯನ್ನಲ್ಲ! ನಮ್ಮ ವಿ.ಪಿ. ಪಾರ್ಸೆಲ್ಲಿನ ಹಾಗೆ, ಬಾಕಿ ಹಣ ಕಟ್ಟಿಸಿಕೊಂಡು ಕಂಪನಿಯೇ ರಿವಾಲ್ವರನ್ನು ಒಪ್ಪಿಸಿತು. ಮುಂಬಾಗಿಲಿಗೆ ಬೀಗ, ಹಿತ್ತಲ ಬಾಗಿಲು ಹಾರುಹೊಡೆದಿದೆ. ಇದನ್ನು ಕಾನೂನು ಎನ್ನಬೇಕಂತೆ.

ಇನ್ನೊಂದು ಸಂಗತಿ. ಪರದೇಶದ ಸೈನ್ಯಗಳು ಬಿಸಾಡಿದ ಅಗ್ಗದ ಕೋವಿಗಳ ಆಮದು ನಿಲ್ಲಿಸಬೇಕೆಂದು 1958ರಲ್ಲಿ ಸೆನೆಟಿನಲ್ಲಿ ಮಸೂದೆ ತಂದವರು ಇದೇ ಕೆನೆಡಿ. ಜನರ ಪ್ರಾಣದ ಚಿಂತೆಯಿಂದಲ್ಲ. ತಮ್ಮ ಮ್ಯಾಸಚೂಸೆಟ್ಸಿನ ಕೋವಿ ಕಾರ್ಖಾನೆಗಳ ವ್ಯಾಪಾರ ಕೆಡುತ್ತದೆಂದು. ಧಣಿಗಳ ಲಾಭದ ಲೆಕ್ಕದಲ್ಲೂ ಆ ಮಸೂದೆ ಗೆಲ್ಲಲಿಲ್ಲ.

ಅಧ್ಯಕ್ಷನ ಹೆಣ ಬಿದ್ದ ಮೇಲಾದರೂ? ಐದು ವರ್ಷ ಎಳೆದಾಡಿದರು. 1968ರ ಏಪ್ರಿಲ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್, ಜೂನ್‌ನಲ್ಲಿ ರಾಬರ್ಟ್ ಕೆನೆಡಿ ಗುಂಡಿಗೆ ಬಲಿಯಾದ ಮೇಲೆ ಅಕ್ಟೋಬರ್ 22ರಂದು ಕಾನೂನಿಗೆ ಸಹಿ ಬಿತ್ತು. ಅಂದೂ ಕೋವಿಗಳ ನೋಂದಣಿ, ಕೋವಿ ಹಿಡಿಯುವವನಿಗೆ ಲೈಸೆನ್ಸು, ಎರಡನ್ನೂ ಕೈಬಿಡಲಾಯಿತು. ಕೋವಿ ವ್ಯಾಪಾರದ ಬೆಂಬಲಿಗರೇ ಅವನ್ನು ತಡೆದರೆಂದು ಸಹಿ ಹಾಕಿದ ಅಧ್ಯಕ್ಷ ಜಾನ್ಸನ್ನರೇ ದೂರಿದರು.

"ನಿಯಮ ಬಿಗಿಮಾಡಿದರೆ ಬಡ ರೈತ ಕೋವಿಯಿಲ್ಲದೆ ನಿಲ್ಲುತ್ತಾನೆ" ಎಂಬ ವಾದವುಂಟು. ಪ್ರಜೆಯನ್ನು ನಿರಾಯುಧನನ್ನಾಗಿಸುವ ಕಾನೂನು ಎಂಥದೆಂದು ನಮಗೆ ಯಾರೂ ಪಾಠ ಹೇಳಬೇಕಾಗಿಲ್ಲ. 1878ರಲ್ಲಿ ಬ್ರಿಟಿಷರು ಅದನ್ನು ನಮ್ಮ ತಲೆಯ ಮೇಲೆ ಹೇರಿದ್ದರು. ಇಲ್ಲಿ ಕೇಳುತ್ತಿರುವುದು ಕೋವಿ ಕಿತ್ತುಕೊಳ್ಳಿ ಎಂದಲ್ಲ. ಪೆಟ್ಟಿಗೆಯನ್ನು ಬಿಚ್ಚುವವನು ಯಾರೆಂದು ಒಬ್ಬರಾದರೂ ನೋಡಲಿ ಎಂದು. ನಮ್ಮ 1959ರ ಕಾಯ್ದೆಯ ಪ್ರಕಾರ ಲೈಸೆನ್ಸಿದ್ದವನು ತನ್ನ ಸ್ವಂತ ಕೋವಿ ಮಾರಬೇಕಾದರೂ ಕೊಳ್ಳುವವನ ಹೆಸರು, ವಿಳಾಸವನ್ನು ಜಿಲ್ಲಾ ಮ್ಯಾಜಿಸ್ಟ್ರೇಟರಿಗೋ ಠಾಣೆಗೋ ಬರೆದು ತಿಳಿಸಿ 45 ದಿನ ಕಾಯಬೇಕು. ಇದರಿಂದ ಯಾವ ರೈತನ ಹೊಲ ಹಾಳಾಯಿತು?

ಅಮೆರಿಕಾದಲ್ಲಿ 1968ರ ಕಾನೂನಿನಂತೆ, ಖಾಸಗಿ ವ್ಯಕ್ತಿ ಬೇರೆ ರಾಜ್ಯದವನಿಗೆ ಮಾರಿದ ಕೋವಿ ಲೈಸೆನ್ಸಿರುವ ವ್ಯಾಪಾರಿಯ ಕೈಗೇ ಹೋಗಬೇಕು. ಆತ ಕೊಳ್ಳುವವನನ್ನು ವಿಚಾರಿಸಬೇಕು. ಒಪ್ಪೋಣ. ಆದರೆ ಅದೇ ರಾಜ್ಯದೊಳಗಾದರೆ? ಕೆಲವು ರಾಜ್ಯಗಳು ತಾವಾಗಿ ಬೇಲಿ ಹಾಕಿಕೊಂಡಿವೆ. ಕೇಂದ್ರದ ಕಾನೂನಿನಲ್ಲಿ ಮಾತ್ರ ಅಂಥ ಕಟ್ಟಳೆಯಿಲ್ಲ. ಟೆಕ್ಸಾಸ್ ಒಂದೇ ನಮ್ಮ ಕರ್ನಾಟಕದ ಮೂರು ಪಟ್ಟಿಗಿಂತ ದೊಡ್ಡದು. ಅದರ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಖಾಸಗಿ ಮನುಷ್ಯ ರೈಫಲ್ಲನ್ನು ಅಂಚೆಗೆ ಹಾಕಬಹುದು. ಪಡೆಯುವವನು ಅಪರಾಧಿಯೆಂದು ಗೊತ್ತಿದ್ದರೆ ಕೊಡಬಾರದು, ಅಷ್ಟೆ. ಗೊತ್ತುಮಾಡಿಕೊಳ್ಳಬೇಕೆಂದು ಆ ಕಾನೂನು ಎಲ್ಲೂ ಹೇಳುವುದಿಲ್ಲ.