ಮತ್ತೊಂದು ಸ್ಕ್ಯಾನ್ ಏಕೆ?

"ಒಂದು ಸ್ಕ್ಯಾನ್ ಆಗಿದೆಯಲ್ಲ, ಮತ್ತೊಂದು ಏಕೆ? ಎಲ್ಲ ದುಡ್ಡು ಕೀಳುವ ದಾರಿ!" ನಮ್ಮ ರೈತ ಕುಟುಂಬಗಳಲ್ಲಿ ಆಗಾಗ ಕೇಳಿಬರುವ ಮಾತಿದು. ಅಡಿಕೆ ಮಾರಿದ ಹಣವನ್ನು ಎಣಿಸಿ ಖರ್ಚು ಮಾಡುವವರಿಗೆ ಈ ಸಂಶಯ ಸಹಜ. ಅನಗತ್ಯ ಪರೀಕ್ಷೆಗಳೇ ಇಲ್ಲವೆಂದು ನಾನೂ ಹೇಳಲಾರೆ. ಆದರೆ ಮೂತ್ರಪಿಂಡದಲ್ಲಿ ಗಡ್ಡೆ ಕಂಡಾಗ ಎರಡನೆಯ ಸ್ಕ್ಯಾನ್ ತಪ್ಪಿಸುವುದು ಅಪಾಯಕರವೆಂದೇ ನನ್ನ ಅಭಿಪ್ರಾಯ.

ಮೂತ್ರಪಿಂಡದ ಕ್ಯಾನ್ಸರಿಗೆ ಒಂದು ವಿಚಿತ್ರ ಗುಣವಿದೆ. ಅದು ರಕ್ತನಾಳದ ಒಳಗೇ ಬೆಳೆಯಬಲ್ಲದು. ಮೊದಲು ಮೂತ್ರಪಿಂಡದ ಅಭಿಧಮನಿಗೆ ನುಗ್ಗುತ್ತದೆ. ಅಲ್ಲಿಂದ, ಕಾಲು ಮತ್ತು ಹೊಟ್ಟೆಯ ರಕ್ತವನ್ನು ಹೃದಯಕ್ಕೆ ಹಿಂತಿರುಗಿಸುವ ದೊಡ್ಡ ನಾಳವನ್ನು ಸೇರುತ್ತದೆ. ಈ ಕ್ಯಾನ್ಸರ್ ಬಂದ ನೂರು ಮಂದಿಯಲ್ಲಿ ಸುಮಾರು 4ರಿಂದ 10 ಮಂದಿಗೆ ಹೀಗಾಗುತ್ತದೆ. ಕೆಲವರಲ್ಲಿ ಅದು ಯಕೃತ್ತಿನ ಹಿಂಭಾಗಕ್ಕೆ, ಅಪರೂಪಕ್ಕೆ ಹೃದಯದ ಒಳಗೂ ಏರುತ್ತದೆ.

ತೋಟದ ಪೈಪಿನೊಳಗೆ ಬೇರು ಇಳಿದುದನ್ನು ನೀವು ನೋಡಿದ್ದೀರಿ. ತುದಿ ಎಲ್ಲಿದೆಯೆಂದು ತಿಳಿಯದೆ ಕತ್ತರಿಸಿದರೆ ತುಂಡು ಒಳಗೇ ಉಳಿಯುತ್ತದೆ. ಇಲ್ಲಿ ತುಂಡಾದದ್ದು ಶ್ವಾಸಕೋಶದ ನಾಳಕ್ಕೆ ಹೋಗಿ ಸಿಕ್ಕಿಕೊಂಡರೆ ಪ್ರಾಣಕ್ಕೇ ಸಂಚಕಾರ. ತುದಿ ಮೂತ್ರಪಿಂಡದ ಬಳಿಯೇ ಇದ್ದರೆ ಒಂದು ಬಗೆಯ ಶಸ್ತ್ರಚಿಕಿತ್ಸೆ. ಹೃದಯ ಮುಟ್ಟಿದ್ದರೆ ಹೃದಯದ ಶಸ್ತ್ರವೈದ್ಯರೂ ಹೃದಯ-ಶ್ವಾಸಕೋಶ ಯಂತ್ರವೂ ಬೇಕಾಗುತ್ತವೆ. ಯಾವ ಆಸ್ಪತ್ರೆಗೆ ಹೋಗಬೇಕೆಂಬುದೂ ಇದರಿಂದಲೇ ನಿರ್ಧಾರವಾಗುತ್ತದೆ.

ಅಲ್ಟ್ರಾಸೌಂಡ್ ಮೊದಲ ಹೆಜ್ಜೆ. ಆದರೆ ಕರುಳಿನ ಗಾಳಿ, ದೇಹದ ಕೊಬ್ಬು ಅದಕ್ಕೆ ಅಡ್ಡ ಬರುತ್ತವೆ. ನಾಳಕ್ಕೆ ಔಷಧ ಚುಚ್ಚಿ ಮಾಡುವ ಸಿ.ಟಿ. ಸ್ಕ್ಯಾನ್ ಗಡ್ಡೆಯನ್ನೂ ನಾಳಗಳನ್ನೂ ಸ್ಪಷ್ಟವಾಗಿ ತೋರಿಸುತ್ತದೆ. ತುದಿ ಎಲ್ಲಿದೆ, ನಾಳದ ಗೋಡೆಗೆ ಅಂಟಿದೆಯೇ ಎಂದು ತಿಳಿಯಲು ಎಂ.ಆರ್.ಐ. ನೆರವಾಗುತ್ತದೆ. ಗಡ್ಡೆ ನಾಳದಲ್ಲಿ ಮೇಲೇರುತ್ತಲೇ ಇರಬಹುದಾದ್ದರಿಂದ ತಿಂಗಳುಗಳ ಹಿಂದಿನ ಫಿಲ್ಮ್ ಸಾಲದು. ಸಕ್ಕರೆ ಕಾಯಿಲೆಯ ಮಾತ್ರೆ, ದೇಹದಲ್ಲಿರುವ ಪೇಸ್‌ಮೇಕರ್ ಅಥವಾ ಲೋಹದ ವಿಷಯ ಮೊದಲೇ ತಿಳಿಸಿರಿ. ಹಳೆಯ ಫಿಲ್ಮುಗಳನ್ನೂ ಜೊತೆಗೆ ಒಯ್ಯಿರಿ.

ನೋವಿಲ್ಲದೆ ಮೂತ್ರದಲ್ಲಿ ರಕ್ತ ಹೋದರೆ "ಉಷ್ಣ" ಎಂದು ಬೊಂಡ ಕುಡಿದು ಸುಮ್ಮನಿರಬೇಡಿ. ಎರಡೂ ಕಾಲುಗಳ ಬಾವು, ಗಂಡಸರಿಗೆ ವೃಷಣದ ಮೇಲೆ ಹೊಸದಾಗಿ ಉಬ್ಬಿ, ಮಲಗಿದರೂ ಇಳಿಯದ ನರಗಳು ಕೂಡ ಎಚ್ಚರಿಕೆಯ ಗುರುತು. ಹೇಳಲು ನಾಚಿಕೆ ಬೇಡ.

ನಾಳಕ್ಕೆ ನುಗ್ಗಿತೆಂದರೆ ಎಲ್ಲ ಮುಗಿಯಿತೆಂದೂ ಅಲ್ಲ. ಬೇರೆಡೆಗೆ ಹರಡಿರದಿದ್ದರೆ ಅದನ್ನು ಪೂರ್ತಿಯಾಗಿ ತೆಗೆಯಲು ಸಾಧ್ಯವಿದೆ. ಹಾಗೆ ತೆಗೆಸಿಕೊಂಡವರಲ್ಲಿ ಸುಮಾರು ಅರ್ಧದಷ್ಟು ಮಂದಿ 5 ವರ್ಷ ದಾಟಿ ಬದುಕಿದ್ದಾರೆ.

ಆದುದರಿಂದ ಸಿಟ್ಟಿನಿಂದ ಎದ್ದು ಬರಬೇಡಿ, ತಲೆಯಾಡಿಸಿ ದುಡ್ಡು ಕಟ್ಟಲೂ ಬೇಡಿ. ಕೇಳಿರಿ: "ಡಾಕ್ಟರೇ, ಗಡ್ಡೆ ನಾಳದೊಳಗೆ ಹೋಗಿದೆಯೇ? ಎಲ್ಲಿಯವರೆಗೆ? ಈ ಸ್ಕ್ಯಾನಿನಿಂದ ಹೊಸದಾಗಿ ಏನು ತಿಳಿಯುತ್ತದೆ?" ಸರಿಯಾದ ಉತ್ತರ ಸಿಕ್ಕರೆ ಆ ಖರ್ಚು ವ್ಯರ್ಥವಲ್ಲ. ಸಿಗದಿದ್ದರೆ ಇನ್ನೊಬ್ಬ ವೈದ್ಯರನ್ನು ಕೇಳುವ ಹಕ್ಕು ನಿಮಗಿದೆ, ತಡಮಾಡಬೇಡಿ, ಅಷ್ಟೇ.